ಚಿಸಾಂಬಾದಲ್ಲಿ ಮೃಗಶಿರಾ ಮಳೆ

ನೆದರ್‌ಲ್ಯಾಂಡ್ಸ್‌ನ ವೆಲ್ಡ್‌ಹೋವನ್ ಊರಿನ ಸೋಮಶೇಖರ ತಾನು ಆಫ್ರಿಕಾಕ್ಕೆ ಹೋಗಿ ನಲವತ್ತು ಎಕರೆ ರಾಗಿ ಬೆಳೆಯುವವನಿದ್ದೇನೆಂದು ಲೋಕಕ್ಕೆ ಸಾರಿದ್ದು ೨೦೨೧ರ ಯುಗಾದಿಯಲ್ಲಿ. ಬೆಳಿಗ್ಗೆ ಎದ್ದಾಗ ಹಾಗೆ ಸಾರುವ ಉದ್ದೇಶ ಅವನಿಗೆ ಖಂಡಿತ ಇರಲಿಲ್ಲ. ಅದಕ್ಕೆ ಕಾರಣವಾದದ್ದು ಮುರಳೀಧರನ ಕೊತ್ತಂಬರಿ ಸೊಪ್ಪು.

ಕೊರೊನಾದ ಎರಡನೆಯ ವರ್ಷ. ಒಂದು ಮನೆಗೆ ದಿನಕ್ಕೆ ಒಬ್ಬ ಅತಿಥಿಗಿಂತ ಹೆಚ್ಚು ಬರಕೂಡದೆಂದು ಸರ್ಕಾರ ಹೇಳಿದ್ದರಿಂದ ಕನ್ನಡ ಸಂಘದ ಯುಗಾದಿ ಝೂಮ್‌ನಲ್ಲಿ ನಡೆಯಿತು. ಎಪ್ಪತ್ತಮೂರು ಕುಟುಂಬಗಳು ಎಪ್ಪತ್ತಮೂರು ಚೌಕಗಳಲ್ಲಿ ಕುಳಿತು ತಂತಮ್ಮ ಒಬ್ಬಟ್ಟನ್ನು ತಾವೇ ತಿನ್ನುತ್ತಿದ್ದವು. ಸಂಘದ ಅಧ್ಯಕ್ಷೆ ಚಂದ್ರಪ್ರಭಾ "ದಯವಿಟ್ಟು ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ" ಎಂದು ಒಂಬತ್ತನೆಯ ಸಲ ಬೇಡಿಕೊಂಡ ಮೇಲೆ, ಹೂಫ್‌ಡಾರ್ಪ್‌ನ ಮುರಳೀಧರ ತನ್ನ ಅಡುಗೆಮನೆಯ ಕಿಟಕಿಯಲ್ಲಿ ಬೆಳೆದ ಕೊತ್ತಂಬರಿಯ ಕುಂಡವನ್ನು ಕ್ಯಾಮೆರಾದ ಮುಂದೆ ಹಿಡಿದ. ಎಪ್ಪತ್ತೊಂದು ಕುಟುಂಬಗಳು ಮ್ಯೂಟ್ ತೆಗೆದು "ವಾವ್" ಎಂದವು.

"ಮಣ್ಣಿನ ಜೊತೆ ಕೆಲಸ ಮಾಡಿದ್ರೆ ಆ ತೃಪ್ತೀನೇ ಬೇರೆ," ಎಂದು ಮುರಳೀಧರ ಕಣ್ಣು ಅರ್ಧ ಮುಚ್ಚಿಕೊಂಡು ಹೇಳಿದ.

ಸೋಮಶೇಖರನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಹಿಡಿ ಸೊಪ್ಪಿಗೆ ಇಷ್ಟು ತೃಪ್ತಿಯೇ?

"ನಾವೂ ಸ್ವಲ್ಪ ಬೆಳೆಯೋ ಪ್ಲಾನ್ ಇದೆ," ಎಂದ ಅವನು. "ಜಾಂಬಿಯಾದಲ್ಲಿ. ರಾಗಿ. ನಲವತ್ತು ಎಕರೆ."

ಹಿಂದಿನಿಂದ ಒಬ್ಬಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಹೆಂಡತಿ ವಾಸಂತಿ ನಿಂತಲ್ಲೇ ನಿಂತಳು. ಗಂಡ ರೈತನಾಗುವ ಸುದ್ದಿ ಅವಳಿಗೂ ಸಂಘದ ಸಮಸ್ತರಿಗೂ ಒಂದೇ ಕ್ಷಣದಲ್ಲಿ ತಿಳಿಯಿತು.

ಪೂರ್ತಿ ಸುಳ್ಳೇನೂ ಅಲ್ಲ. ವಾಸಂತಿಯ ಅಣ್ಣ ವಾಮನ ಇಪ್ಪತ್ತು ವರ್ಷದಿಂದ ಜಾಂಬಿಯಾದ ಲುಸಾಕಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ. ಊರಾಚೆ ಚಿಸಾಂಬಾ ಎಂಬಲ್ಲಿ ಬಾಂಡಾ ಎಂಬ ಹಿರಿಯ ಹೆಂಗಸಿನ ನಲವತ್ತು ಎಕರೆ ಬೀಳು ಬಿದ್ದಿದೆ, ಸಂಸಾರಸಮೇತ ಬಂದು ನಿಂತು ಬೇಸಾಯ ಮಾಡುವವರಿಗೆ ಹನ್ನೆರಡು ವರ್ಷ ಗುತ್ತಿಗೆ ಕೊಡುತ್ತಾರಂತೆ, ನಿಮ್ಮ ಕಡೆ ಯಾರಾದರೂ ಇದ್ದರೆ ಹೇಳಿ ಎಂದು ಅವನು ಹಿಂದಿನ ವಾರ ಫೋನಿನಲ್ಲಿ ಹೇಳಿದ್ದ. ಆ ಯಾರಾದರೂ ತಾನೇ ಎಂದು ಸೋಮಶೇಖರ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದ.

ಅವನ ವಂಶದಲ್ಲಿ ನೇಗಿಲು ಮುಟ್ಟಿದವರಿಲ್ಲ. ತಾತ ರೈಲ್ವೆ ಗಾರ್ಡು, ಅಪ್ಪ ಮೈಸೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತ. ಇವನು ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವನು. ಹದಿಮೂರು ತಿಂಗಳಿನಿಂದ ಊಟದ ಮೇಜಿನ ಒಂದು ಮೂಲೆಯಲ್ಲಿ ಕುಳಿತು, ಕಣ್ಣಾರೆ ಕಾಣದ ಯಂತ್ರದಲ್ಲಿ ಕೈಗೆ ಸಿಗದ ತಪ್ಪುಗಳನ್ನು ಹುಡುಕಿ ಹುಡುಕಿ ಅವನಿಗೆ ಸಾಕಾಗಿ ಹೋಗಿತ್ತು. ಬೊಗಸೆ ತುಂಬ ಹಿಡಿಯಬಹುದಾದ ಏನನ್ನಾದರೂ ಜೀವಮಾನದಲ್ಲಿ ಒಮ್ಮೆ ಬೆಳೆಯಬೇಕೆಂಬ ಅವನ ಆಸೆ ನಿಜವಾದದ್ದು. ಅದು ಬಾಯಿಗೆ ಬಂದ ರೀತಿ ಮಾತ್ರ ಸ್ವಲ್ಪ ಅವಸರದ್ದಾಯಿತು.

ಝೂಮ್ ಮುಗಿದೊಡನೆ ವಾಸಂತಿ ಲ್ಯಾಪ್‌ಟಾಪ್ ಮುಚ್ಚಿದಳು.

"ರಾಗಿ ಪೈರು ಹೇಗಿರುತ್ತೆ ಅಂತ ಗೊತ್ತೇನ್ರೀ ನಿಮಗೆ?"

"ಚಿಕ್ಕಂದಿನಿಂದ ಮುದ್ದೆ ತಿಂದಿದೀನಿ. ಪೈರು ಗುರುತು ಹಿಡಿಯೋದು ಕಷ್ಟಾನಾ?"

"ಇಂಚರಾ ಸ್ಕೂಲು?"

"ಇಕ್ ಖಾ ನೀಟ್ ಮೇ," ಎಂದಳು ಹನ್ನೊಂದು ವರ್ಷದ ಮಗಳು ಇಂಚರಾ ಸೋಫಾದಿಂದ. ತಾನು ಬರುವುದಿಲ್ಲ ಎಂಬುದನ್ನು ಯಾರೂ ಚರ್ಚಿಸದಿರಲೆಂದೇ ಅವಳು ಡಚ್ಚಿನಲ್ಲಿ ಹೇಳಿದ್ದು.

ವಾಸಂತಿ ಕೂಗಾಡಲಿಲ್ಲ. ಅವಳೂ ಒಂದು ಕಂಪನಿಯ ಸಂಬಳದ ಪಟ್ಟಿಗಳನ್ನು ಮಲಗುವ ಕೋಣೆಯಲ್ಲಿ ಕುಳಿತು ಮಾಡುತ್ತಿದ್ದವಳು. ಅಣ್ಣನಿಗೆ ಫೋನು ಮಾಡಿ ವಿಚಾರಿಸಿದಳು. ಬಾಂಡಾ ಅವರು ಈಗಾಗಲೇ ನಾಲ್ವರನ್ನು ನೋಡಿ, ಇವರು ರೈತರಲ್ಲವೆಂದು ವಾಪಸ್ ಕಳಿಸಿದ್ದರಂತೆ. ಅವರಲ್ಲಿ ಒಬ್ಬರು ನಿವೃತ್ತ ಕರ್ನಲ್. ಈಗ ವಿಮಾನದ ಓಡಾಟ ಇಲ್ಲದ್ದರಿಂದ ಜೂನ್ ತಿಂಗಳಲ್ಲಿ ವಿಡಿಯೋದಲ್ಲೇ ಮಾತಾಡಿಸಿ ನಿರ್ಧರಿಸುತ್ತಾರಂತೆ.

"ಸರಿ, ಕೇಳಿ," ಎಂದಳು ಗಂಡನಿಗೆ. "ಬಾಂಡಾ ಮೇಡಂ ನಿಮ್ಮನ್ನ ರೈತ ಅಂತ ಒಪ್ಕೊಂಡ್ರೆ ನಾನು ಪ್ಯಾಕ್ ಮಾಡ್ತೀನಿ. ಒಪ್ಪಲಿಲ್ಲ ಅಂದ್ರೆ ನೀವು ಈ ಜನ್ಮದಲ್ಲಿ ಬೇಸಾಯದ ಮಾತು ಎತ್ತಬಾರದು. ಆಯ್ತಾ?"

"ಆಯ್ತು," ಎಂದ ಸೋಮಶೇಖರ, ಅರ್ಧ ಫಸಲು ಮನೆಗೆ ಬಂದವನ ಹಾಗೆ.

ಮರುದಿನವೇ ಎಕ್ಸೆಲ್ ತೆರೆದ. ಒಂದು ಅಂಕಣದಲ್ಲಿ ಮೈಸೂರು, ಇನ್ನೊಂದರಲ್ಲಿ ಚಿಸಾಂಬಾ. ಅಕ್ಷಾಂಶ: ಮೈಸೂರಿಗೆ ಹನ್ನೆರಡು, ಚಿಸಾಂಬಾಕ್ಕೆ ಹದಿನೈದು. ಆ ಹದಿನೈದರ ಹಿಂದೆ ಒಂದು ಸಣ್ಣ ಗೀಟು ಬೇರೆ ಇತ್ತು. ಅಂಕಣ ಚೊಕ್ಕಟವಾಗಿ ಕಾಣಲೆಂದು ಅದನ್ನು ಅಳಿಸಿದ. ಒಂದೇ ಬೆರಳಿನಿಂದ ಒಂದು ಇಡೀ ದೇಶವನ್ನು ಭೂಮಧ್ಯರೇಖೆಯ ಕೆಳಗಿನಿಂದ ಎತ್ತಿ ಮೇಲಿಟ್ಟ ಕೀರ್ತಿ ಅವನಿಗೆ ಸಲ್ಲತಕ್ಕದ್ದು, ಆದರೆ ತಾನು ಅಂಥದ್ದೇನಾದರೂ ಮಾಡಿದೆನೆಂದು ಆ ವಿನಯಶಾಲಿಗೆ ಹೊಳೆಯಲೇ ಇಲ್ಲ. ಮುಂದೆ ಗಡಿಯಾರ ನೋಡಿದ. ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸ್‌ಗೂ ಜಾಂಬಿಯಾಕ್ಕೂ ಗಂಟೆ ಒಂದೇ. ಗಂಟೆಯೇ ಒಂದಾದ ಮೇಲೆ ತಿಂಗಳು ಬೇರೆಯಾಗಲು ಹೇಗೆ ಸಾಧ್ಯ? ಗೋಡೆಯ ಮೇಲೆ ಮೈಸೂರಿನಿಂದ ಅಂಚೆಯಲ್ಲಿ ಬಂದ ಕ್ಯಾಲೆಂಡರ್ ತೂಗುತ್ತಿತ್ತು. ಜೂನ್ ಎಂಟರ ಮನೆಯಲ್ಲಿ ಮೃಗಶಿರಾ ಮಳೆ ಆರಂಭ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಅದಕ್ಕೆ ಸುತ್ತು ಹಾಕಿ 'ಬಿತ್ತನೆ' ಎಂದು ಬರೆದ.

ವಿಷಯ ಸಂಘಕ್ಕೆ ಮುಟ್ಟಿತು. ಚಂದ್ರಪ್ರಭಾ ಮೂರೇ ದಿನದಲ್ಲಿ 'ನಮ್ಮ ಹೊಲ ಆಫ್ರಿಕಾ' ಎಂಬ ವಾಟ್ಸಾಪ್ ಗುಂಪು ಕಟ್ಟಿ ನೂರ ಹನ್ನೆರಡು ಜನರನ್ನು ಸೇರಿಸಿದರು. ಬಿತ್ತನೆ ಮೃಗಶಿರಾಕ್ಕೋ ಆರಿದ್ರಾಕ್ಕೋ ಎಂಬ ಬಗ್ಗೆ ಅಲ್ಲಿ ಘನಘೋರ ಚರ್ಚೆ ನಡೆಯಿತು. ನೈಮೆಗನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ದಿವಾಕರ ಮೃಗಶಿರಾದ ಪರವಾಗಿ ಹದಿನಾಲ್ಕು ಪುಟದ ಟಿಪ್ಪಣಿ ಕಳಿಸಿದ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲು ಆಚೀಚೆಯಾದರೆ ಊಟ ಬಿಡುವ ಎಂಜಿನಿಯರುಗಳು ಆ ಗುಂಪಿನಲ್ಲಿ ಕಡಿಮೆಯೆಂದರೂ ನಲವತ್ತು ಮಂದಿ ಇದ್ದರು. ಅರ್ಧ ಭೂಮಂಡಲ ಆಚೀಚೆಯಾದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಬಾಂಡಾ ಅವರ ಜಮೀನು ನೋಡಿಕೊಳ್ಳುತ್ತಿದ್ದವರು ಫಿರಿ ಎಂಬ ನಿವೃತ್ತ ಭೂಗೋಳದ ಮೇಷ್ಟ್ರು. ಸೋಮಶೇಖರ ಅವರಿಗೆ ವಿಡಿಯೋ ಕರೆ ಮಾಡಿದ. ಮಾತು ನಡೆದದ್ದು ಇಂಗ್ಲಿಷಿನಲ್ಲಿ, ಧೋರಣೆ ಮಾತ್ರ ಅಪ್ಪಟ ಮೈಸೂರಿನದು.

"ಫಿರಿ ಅವರೇ, ಜೂನ್ ಎರಡನೇ ವಾರ ಬಿತ್ತನೆ. ಹೊಲ ಉಳುಮೆ ಮಾಡಿಸಿ ಇಡಿ."

ಫಿರಿ ವಿನಯದಿಂದ ತಿದ್ದಿದರು. "ಸರ್, ನಮ್ಮಲ್ಲಿ ಮಳೆ ಹಿಡಿಯುವುದು ನವೆಂಬರಿನಲ್ಲಿ."

ಸೋಮಶೇಖರ ಕರುಣೆಯಿಂದ ನಕ್ಕ. "ಅದು ಹಿಂಗಾರು. ನಾನು ಹೇಳುತ್ತಿರುವುದು ಮುಂಗಾರು."

"ನಮ್ಮಲ್ಲಿ ಇರುವುದು ಒಂದೇ ಮಳೆಗಾಲ ಸರ್."

"ಇನ್ನೊಂದನ್ನು ನೀವು ಗಮನಿಸಿಲ್ಲ ಅಷ್ಟೆ."

ಅರವತ್ತೆಂಟು ವರ್ಷ ಆ ನೆಲದ ಮೇಲೆ ಬದುಕಿ, ಅದರಲ್ಲಿ ಮೂವತ್ತೈದು ವರ್ಷ ಅದೇ ನೆಲದ ಹವಾಮಾನವನ್ನು ಮಕ್ಕಳಿಗೆ ಪಾಠ ಹೇಳಿದ್ದ ಫಿರಿ, ಇನ್ನು ಮೇಲೆ ಗಮನಿಸುವುದಾಗಿ ಮಾತು ಕೊಟ್ಟರು. "ಆದರೆ ಸರ್, ಜೂನಿನಲ್ಲಿ ಇಲ್ಲಿ ಚಳಿ ಇರುತ್ತದೆ."

"ಇರಲೇಬೇಕು. ಮಳೆಗೆ ಮೊದಲು ತಂಗಾಳಿ ಬೀಸುತ್ತದಲ್ಲ, ಅದು."

ಇತ್ತ ವಾಸಂತಿ ತನ್ನ ಪಾಡಿಗೆ ತಾನು ಬಾಂಡಾ ಅವರೊಡನೆ ಮಾತಾಡತೊಡಗಿದ್ದಳು. ವಾರಕ್ಕೆ ಎರಡು ಮೂರು ಸಲ, ಅಡುಗೆ ಮಾಡುತ್ತ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು. ಸ್ಕೂಲು ಎಷ್ಟು ದೂರ, ಬಾವಿಯಲ್ಲಿ ನೀರು ಯಾವ ತಿಂಗಳಿಗೆ ತಳ ಕಾಣುತ್ತದೆ, ಹಾವು ಬರುತ್ತದೆಯೇ, ಆಡು ಸಾಕಿದರೆ ಯಾರು ಮೇಯಿಸುತ್ತಾರೆ. ಬಾಂಡಾ ಅವರ ಮೊಮ್ಮಗಳು ಅದೇ ಫೋನಿನಲ್ಲಿ ಮೂರು ದಿನದ ಆಡಿನ ಮರಿಯನ್ನು ತೋರಿಸಿದ ಮೇಲೆ ಇಂಚರಾಳ ಡಚ್ ನಿರ್ಧಾರವೂ ಸ್ವಲ್ಪ ಮೆತ್ತಗಾಯಿತು. ಸೋಮಶೇಖರ ಇದನ್ನೆಲ್ಲ ಹೆಂಗಸರ ಹರಟೆಯೆಂದು ಬಗೆದು ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದ.

"ರೀ, ಅಲ್ಲಿ ಮಳೆ ನವೆಂಬರ್‌ಗಂತೆ," ಎಂದಳು ವಾಸಂತಿ ಒಂದು ದಿನ.

"ಗೊತ್ತು. ಹಿಂಗಾರು."

ಎರಡು ದಿನ ಬಿಟ್ಟು ಮತ್ತೆ ಹೇಳಿದಳು. "ರೀ, ಈಗ ಅಲ್ಲಿ ಒಂದು ಹನಿಯೂ ಬೀಳಲ್ವಂತೆ. ಬಾಂಡಾ ಮೇಡಂ ಹೇಳಿದ್ರು."

"ಅವರಿಗೆ ವಯಸ್ಸಾಗಿದೆ ವಾಸಂತಿ. ನಾನು ಡೇಟಾ ನೋಡ್ತಿದೀನಿ."

ಮೂರನೆಯ ಸಲ ಅವಳು ಹೇಳಲಿಲ್ಲ. ಒಗ್ಗರಣೆ ಸೀಯುತ್ತಿತ್ತು.

ಮೇ ತಿಂಗಳಲ್ಲಿ ಸೋಮಶೇಖರ ಕಚೇರಿಯಲ್ಲಿ ಬಿತ್ತನೆಗೆ ರಜೆ ಕೇಳಿದ. ರಜೆಯ ಪಟ್ಟಿಯಲ್ಲಿ ಮದುವೆ, ಹೆರಿಗೆ, ಮನೆ ಬದಲಾವಣೆ ಎಲ್ಲಕ್ಕೂ ಕಲಮು ಇತ್ತು, ಬಿತ್ತನೆಗೆ ಇರಲಿಲ್ಲ. ಡಚ್ ಮ್ಯಾನೇಜರು ವಿಡಿಯೋದಲ್ಲಿ ಅವನ ಮುಖವನ್ನೇ ನೋಡಿದ. ತನ್ನ ಅತ್ಯಂತ ಶಾಂತ ಸ್ವಭಾವದ ನೌಕರ ಮಳೆ ನಕ್ಷತ್ರಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದನ್ನು ಕೇಳಿದ ಮೇಲೆ, ಮೃದುವಾಗಿ, "ನೀನು ಚೆನ್ನಾಗಿದ್ದೀಯಾ?" ಎಂದು ವಿಚಾರಿಸಿ, ಅಂದೇ ಅವನನ್ನು ಕಂಪನಿಯ ಡಾಕ್ಟರಿಗೆ ಒಪ್ಪಿಸಿದ. ಆ ವರ್ಷ ಮನೆಯಲ್ಲಿ ಕುಳಿತು ಕುಳಿತು ಬಳಲಿದವರು ಎಷ್ಟೋ ಮಂದಿ. ಡಾಕ್ಟರಮ್ಮ ಫೋನಿನಲ್ಲಿ ಕೇಳಿದರು:

"ಎಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡಬೇಕು ಅನ್ನಿಸುತ್ತದೆಯೇ?"

"ಹೌದು. ಚಿಸಾಂಬಾಕ್ಕೆ."

"ಎಷ್ಟು ದಿನದಿಂದ?"

"ಯುಗಾದಿಯಿಂದ."

"ಅಲ್ಲಿ ಏನು ಕಾಣಿಸುತ್ತದೆ?"

"ನಲವತ್ತು ಎಕರೆ," ಎಂದ ಸೋಮಶೇಖರ ಭಾವುಕನಾಗಿ. "ತೆನೆ ಬಾಗಿ ನಿಂತಿರುತ್ತದೆ."

ಡಾಕ್ಟರಮ್ಮ ಎರಡು ವಾರ ಸಂಪೂರ್ಣ ವಿಶ್ರಾಂತಿ ಬರೆದುಕೊಟ್ಟರು, ಸಾಧ್ಯವಾದರೆ ಮಣ್ಣಿನಲ್ಲಿ ಸ್ವಲ್ಪ ಕೈಯಾಡಿಸಲು ಹೇಳಿದರು. ಸೋಮಶೇಖರ ಇದನ್ನು ನೆದರ್‌ಲ್ಯಾಂಡ್ಸ್ ವೈದ್ಯಲೋಕ ತನ್ನ ಯೋಜನೆಗೆ ಕೊಟ್ಟ ಅನುಮೋದನೆಯೆಂದು ವಾಟ್ಸಾಪ್ ಗುಂಪಿನಲ್ಲಿ ಪ್ರಕಟಿಸಿದ. ನೂರ ನಾಲ್ಕು ಹೆಬ್ಬೆರಳುಗಳು ಬಂದವು.

ರಜೆಯಲ್ಲಿ ಅವನು ಮಂಡಿಯವರೆಗಿನ ಹಸಿರು ಬೂಟು ಕೊಂಡು ಹಿತ್ತಲಿಗೆ ಇಳಿದ. ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಅದರಲ್ಲಿ ಸಾಲು ಹೊಡೆಯುವುದನ್ನು ಬೇಲಿಯಾಚೆಯಿಂದ ಪಕ್ಕದ ಮನೆಯ ಹೆಂಕ್ ನೋಡುತ್ತಿದ್ದ. ಹೆಂಕ್ ನಲವತ್ತು ವರ್ಷ ಆಲೂಗಡ್ಡೆ ಬೆಳೆದು ದಣಿದವನು.

"ಆ ಬೂಟು ಮೀನು ಹಿಡಿಯುವವರದು," ಎಂದ ಹೆಂಕ್. ಆಮೇಲೆ, "ನಿನ್ನ ಸಾಲು ಡೊಂಕು." ಆಮೇಲೆ, ಬಹಳ ಹೊತ್ತು ಬಿಟ್ಟು, "ಜೂನಿನಲ್ಲಿ ಆಫ್ರಿಕಾದ ಆ ಭಾಗದಲ್ಲಿ ಚಳಿಗಾಲ ಅಲ್ಲವೇ?"

ಡಚ್ಚರ ಈ ನೇರ ಮಾತು ಸೋಮಶೇಖರನಿಗೆ ಹನ್ನೊಂದು ವರ್ಷದಿಂದ ಅಭ್ಯಾಸವಾಗಿತ್ತು. ನೇರವಾಗಿ ಹೇಳಿದ್ದೆಲ್ಲ ಸರಿಯಾಗಿರಬೇಕೆಂದೇನೂ ಇಲ್ಲವೆಂದು ಅವನು ಸಮಾಧಾನ ಮಾಡಿಕೊಂಡ.

ಜೂನ್ ಹದಿಮೂರು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬಾಂಡಾ ಅವರು ಅವನನ್ನು ನೋಡುವ ದಿನವೂ ಅದೇ, ಮೊದಲ ಬಿತ್ತನೆಯ ದಿನವೂ ಅದೇ. ಸಂಘದವರೆಲ್ಲ ಸಾಕ್ಷಿಗಿರಲೆಂದು ಸೋಮಶೇಖರನೇ ಝೂಮ್ ಲಿಂಕು ಹಂಚಿದ್ದ. ಚಂದ್ರಪ್ರಭಾ ರೇಷ್ಮೆ ಸೀರೆಯುಟ್ಟು ತಮ್ಮ ಚೌಕದಲ್ಲಿ ದೀಪ ಹಚ್ಚಿದರು. ಸೋಮಶೇಖರ ಪಂಚೆಯುಟ್ಟು, ಶಲ್ಯ ಹೊದ್ದು, ಮೀನು ಹಿಡಿಯುವ ಬೂಟು ಹಾಕಿ, ಕೊಡೆ ಹಿಡಿದು ಹಿತ್ತಲಲ್ಲಿ ನಿಂತಿದ್ದ. ಯಾಕೆಂದರೆ ವೆಲ್ಡ್‌ಹೋವನ್‌ನಲ್ಲಿ ಬೆಳಗಿನಿಂದ ಧೋ ಎಂದು ಮಳೆ.

ಎಪ್ಪತ್ತನಾಲ್ಕನೆಯ ಚೌಕದಲ್ಲಿ ಚಿಸಾಂಬಾ ಮೂಡಿತು. ಕುರ್ಚಿಯಲ್ಲಿ ಬಾಂಡಾ ಅವರು, ದಪ್ಪ ಕೋಟು, ಉಣ್ಣೆಯ ಟೊಪ್ಪಿಗೆ, ಅಂಗೈಯಲ್ಲಿ ಒಂದು ಹಿಡಿ ರಾಗಿ.

"ಬಿತ್ತಲು ಹೇಳಿದ್ದೀರಂತೆ," ಎಂದರು ಅವರು. "ನೀರು ಎಲ್ಲಿಂದ ತರೋಣ?"

"ತರುವುದೇನು ಬಂತು ಅಮ್ಮ! ಮೃಗಶಿರಾ ಕಾಲಿಟ್ಟು ಐದು ದಿನ ಆಯಿತು. ನೋಡಿ!" ಎಂದು ಸೋಮಶೇಖರ ಕ್ಯಾಮೆರಾವನ್ನು ತನ್ನ ಹಿತ್ತಲಿನ ಮಳೆಗೆ ತಿರುಗಿಸಿದ.

"ಇಲ್ಲೂ ಜೋರು!" ಎಂದಿತು ನೈಮೆಗನ್. "ಇಲ್ಲೂ!" ಎಂದಿತು ಹೂಫ್‌ಡಾರ್ಪ್. ಸಂಘದವರು ಚಪ್ಪಾಳೆ ತಟ್ಟಿದರು.

ಫಿರಿ ತಮ್ಮ ಫೋನನ್ನು ಹೊಲದ ಕಡೆ ತಿರುಗಿಸಿದರು. ಕಲೆಯಿಲ್ಲದ ನೀಲಿ ಆಕಾಶ. ಕೆಂಪು ಧೂಳು. ಬೆಂಕಿ ಕಾಯಿಸಿಕೊಳ್ಳುತ್ತ ಕುಳಿತ ನಾಲ್ಕು ಜನ. ಒಣ ಕಡ್ಡಿ ಮೆಲ್ಲುತ್ತಿದ್ದ ಒಂದು ಆಡು.

ಚಂದ್ರಪ್ರಭಾ ಕನ್ನಡಕ ಏರಿಸಿದರು. "ಸೋಮಶೇಖರ್, ಅಲ್ಲಿ ಯಾಕ್ರೀ ಎಲ್ಲರೂ ಸ್ವೆಟರ್ ಹಾಕ್ಕೊಂಡಿದಾರೆ?"

ಆಗ ಫಿರಿ ಅಪ್ಪಣೆ ಕೇಳಿ, ಒಂದು ಕಿತ್ತಳೆ ಹಣ್ಣು ತರಿಸಿ, ಅದರ ಸೊಂಟಕ್ಕೆ ಪೆನ್ನಿನಿಂದ ಗೆರೆ ಎಳೆದರು. ಗೆರೆಯ ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ. ಬಿಸಿಲಿಗೆ ಹಣ್ಣನ್ನು ಓರೆಯಾಗಿ ಹಿಡಿದು ಏಳನೆಯ ತರಗತಿಯ ಪಾಠವನ್ನು ಏಳು ನಿಮಿಷದಲ್ಲಿ ಮುಗಿಸಿದರು. "ಮೇಲ್ಗಡೆ ಬೇಸಿಗೆ ಆದಾಗ ಕೆಳಗಡೆ ಚಳಿಗಾಲ. ನೀವು ಮೇಲೆ, ನಾವು ಕೆಳಗೆ. ಅರ್ಥವಾಯಿತೇ?"

"ಯೆಸ್ ಸರ್," ಎಂದವು ಬಿಇ, ಎಂಟೆಕ್, ಪಿಎಚ್‌ಡಿ ಮಾಡಿದ ಎಪ್ಪತ್ತಮೂರು ಕುಟುಂಬಗಳು. ಹೇಳಿಸಿಕೊಳ್ಳದೆ ಎಲ್ಲರೂ ತಾವಾಗಿ ಮ್ಯೂಟ್ ಮಾಡಿಕೊಂಡದ್ದು ಸಂಘದ ಇತಿಹಾಸದಲ್ಲಿ ಅದೇ ಮೊದಲು. ದಿವಾಕರನ ಚೌಕ ಸದ್ದಿಲ್ಲದೆ ಮಾಯವಾಯಿತು. ಮುರಳೀಧರ ಮಾತ್ರ ಕ್ಯಾಮೆರಾ ಆರಿಸಿ, ಮೈಕು ಆರಿಸುವುದನ್ನು ಮರೆತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಸೋಮಶೇಖರನ ಕೊಡೆ ಒಂದು ಕಡೆ ವಾಲಿ ನೀರು ಶಲ್ಯದ ಮೇಲೆ ಇಳಿಯುತ್ತಿತ್ತು. ನಾಚಿಕೆಯಾಯಿತು. ಆದರೂ ಆ ಕೆಂಪು ಧೂಳಿನಿಂದ ಕಣ್ಣು ಕೀಳಲಾಗಲಿಲ್ಲ. ಆ ನೆಲ ಅವನಿಗೆ ನಿಜವಾಗಿಯೂ ಬೇಕಾಗಿತ್ತು.

"ಮೇಷ್ಟ್ರೇ, ನೀವು ಮೊದಲ ದಿನವೇ ಹೇಳಿದ್ದಿರಿ," ಎಂದ. "ತಪ್ಪು ನನ್ನದು." ಒಂದು ಉಸಿರು ತೆಗೆದುಕೊಂಡ. ಎದೆ ತಾನಾಗಿ ಮುಂದೆ ಬಂತು. "ಹಾಗಾದರೆ ನವೆಂಬರಿನಲ್ಲಿ ಬಿತ್ತೋಣ. ನಾನು ರೆಡಿ!"

ಬಾಂಡಾ ಅವರು ನಕ್ಕರು. ಟೊಪ್ಪಿಗೆ ಜಾರುವಷ್ಟು ನಕ್ಕು, ಕಣ್ಣೊರೆಸಿಕೊಂಡರು. "ನೀವು ಒಳ್ಳೆಯವರು. ಆದರೆ ನಿಮಗೆ ನಾನು ಒಂದು ಗುಂಟೆಯನ್ನೂ ಕೊಡಲಾರೆ. ನೀವು ರೈತರಲ್ಲ."

ಮಾತು ಮುಗಿದೇ ಹೋಯಿತು. ಸೋಮಶೇಖರ ತಲೆ ತಗ್ಗಿಸಿ ಬೂಟು ನೋಡಿಕೊಂಡ.

"ನಲವತ್ತೂ ಎಕರೆಯನ್ನು ವಾಸಂತಿಗೆ ಕೊಡುತ್ತೇನೆಂದು ನಿನ್ನೆಯೇ ಹೇಳಿದ್ದೇನೆ," ಎಂದು ಮುಂದುವರಿಸಿದರು ಬಾಂಡಾ. "ಇಲ್ಲಿಯವರೆಗೆ ಬಂದವರಲ್ಲಿ, ತೆನೆಗೆ ಯಾವ ಹಕ್ಕಿ ಬರುತ್ತದೆ, ಅದನ್ನು ಓಡಿಸುವವರು ಯಾರು ಎಂದು ಕೇಳಿದ್ದು ಅವಳೊಬ್ಬಳೇ. ಒಪ್ಪಿಗೆಯೋ ಅಲ್ಲವೋ ಇವತ್ತು ಹೇಳುತ್ತೇನೆ ಎಂದಿದ್ದಳು."

ಹಿತ್ತಲ ಬಾಗಿಲು ತೆರೆದು ವಾಸಂತಿ ಹೊರಬಂದಳು. ಎಪ್ಪತ್ತೆರಡು ಚೌಕಗಳಲ್ಲಿ ಎಲ್ಲರೂ ಪರದೆಗೆ ಹತ್ತಿರ ಬಾಗಿದರು. ಬೇಲಿಯಾಚೆ ಹೆಂಕ್ ಕೂಡ ಕೊಡೆ ಓರೆ ಮಾಡಿದ.

"ವಾಸಂತಿ," ಎಂದ ಸೋಮಶೇಖರ, ಧ್ವನಿ ಇಳಿಸಿ. "ಒಪ್ಪಲಿಲ್ಲ ಅಂದ್ರೆ ಬೇಸಾಯದ ಮಾತು ಎತ್ತಬಾರದು ಅಂತ ನಾವು ಮಾತಾಡ್ಕೊಂಡಿದ್ವಿ."

"ನೀವು ಎತ್ತಬಾರದು ಅಂತ. ನಾನು ಎತ್ತಬಾರದು ಅಂತ ಏನೂ ಆಗಿರ್ಲಿಲ್ಲವಲ್ಲ." ಅವಳು ಫೋನಿನ ಕಡೆ ತಿರುಗಿ, "ನಾವು ಬರುತ್ತೇವೆ ಅಮ್ಮ. ಅಕ್ಟೋಬರಿಗೆ," ಎಂದಳು. ಬಾಂಡಾ ಅವರು ಅಂಗೈಯ ರಾಗಿಯನ್ನು ಜೋಪಾನವಾಗಿ ಕೋಟಿನ ಜೇಬಿಗೆ ಸುರಿದುಕೊಂಡರು.

"ನಾವು ಅಂದ್ರೆ, ನಾನೂನಾ?" ಎಂದು ಕೇಳಿದ ಸೋಮಶೇಖರ.

ವಾಸಂತಿ ಅವನನ್ನು ಬೂಟಿನಿಂದ ಶಲ್ಯದವರೆಗೆ ಒಮ್ಮೆ ಅಳೆದಳು. ನೆಂದು ತೊಪ್ಪೆಯಾಗಿದ್ದರೂ ಅವನ ಮುಖದಲ್ಲಿ ಅಷ್ಟು ಆಸೆಯಿತ್ತು. ಅವಳಿಗೆ ನಗುವೂ ಬಂತು, ಪ್ರೀತಿಯೂ ಬಂತು.

"ಫಿರಿ ಮೇಷ್ಟ್ರು ಒಬ್ಬ ಆಳು ಬೇಕು ಅಂತಿದಾರೆ. ಹೇಳಿದ ಮಾತು ಕೇಳೋರಾಗಿರಬೇಕಂತೆ."

ಸೋಮಶೇಖರ ಶಲ್ಯ ಹಿಂಡಿ ಹೆಗಲಿಗೆ ಹಾಕಿಕೊಂಡು, ಸಂಘದ ಸಮಸ್ತರ ಎದುರು ನೆಟ್ಟಗೆ ನಿಂತ.

"ಪ್ರೊಬೇಷನ್ ಎಷ್ಟು ತಿಂಗಳು?"

"ಒಂದು ಮಳೆಗಾಲ," ಎಂದಳು ವಾಸಂತಿ. "ಅಲ್ಲಿಯ ಮಳೆಗಾಲ."